ರಾತ್ರಿ ಹತ್ತಕ್ಕೆ ಊಟ, ಮಧ್ಯಾಹ್ನ ಒಂದೂವರೆಗೂ ಶುಭೋದಯ: ಸ್ಪೇನಿನವರ ಬಗ್ಗೆ ಒಂದು ಹರಟೆ

ತುರಿಯಾದಂಡೆ ಬರೆದರು:

ಎಲ್ಲರಿಗೂ ನಮಸ್ಕಾರ. ವಲೆನ್ಸಿಯಾಕ್ಕೆ ಬಂದು ನನಗೆ ಏಳು ವರ್ಷ ಆಯಿತು. ಊರಿಂದ ಯಾರೇ ಫೋನ್ ಮಾಡಿದರೂ ಎರಡು ಪ್ರಶ್ನೆ ತಪ್ಪುವುದಿಲ್ಲ. ಅಲ್ಲಿ ಬೀದಿಯಲ್ಲಿ ಗೂಳಿ ಅಟ್ಟಿಸಿಕೊಂಡು ಬರುತ್ತಂತೆ ಹೌದಾ? ಮಧ್ಯಾಹ್ನ ಊರಿಗೆ ಊರೇ ಮಲಗುತ್ತಂತೆ ಹೌದಾ? ಗೂಳಿ ವಿಷಯ ಯಾರಾದರೂ ಆಮೇಲೆ ಬರೆಯಿರಿ. ನನಗೆ ಎರಡನೆಯದರ ಬಗ್ಗೆ ಹೇಳಲೇಬೇಕು, ಯಾಕೆಂದರೆ ಸ್ಪೇನಿನವರು ಸೋಮಾರಿಗಳು ಅನ್ನುವ ಮಾತು ಕೇಳಿದಾಗಲೆಲ್ಲ ನಿಜಕ್ಕೂ ಬೇಜಾರಾಗುತ್ತದೆ.

ಮೊದಲು ಗಡಿಯಾರದ ಕಥೆ. ಮ್ಯಾಪ್ ತೆಗೆದು ನೋಡಿ. ಸ್ಪೇನ್ ಇರುವುದು ಇಂಗ್ಲೆಂಡಿನ ನೇರ ಕೆಳಗೆ. ಗ್ರೀನಿಚ್ ರೇಖೆ ನಮ್ಮ ಪಕ್ಕದ ಕಸ್ತೆಯೋನ್ ಜಿಲ್ಲೆಯಲ್ಲೇ ಹಾದುಹೋಗುತ್ತದೆ. ಅಂದರೆ ಇಲ್ಲಿ ಲಂಡನ್ ಸಮಯ ಇರಬೇಕಿತ್ತು. ಇತ್ತು ಕೂಡ. 1940ರ ಮಾರ್ಚ್‌ನಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಸೇರಿಸಿತು. ಯುದ್ಧ ಮುಗಿಯಿತು, 1975ರಲ್ಲಿ ಫ್ರಾಂಕೊ ಸತ್ತ, ಗಡಿಯಾರ ಮಾತ್ರ ಹಿಂದಕ್ಕೆ ಬರಲೇ ಇಲ್ಲ. ಬೇಸಿಗೆ ಬಂದರೆ ಇನ್ನೂ ಒಂದು ಗಂಟೆ ಮುಂದೆ. ಹಾಗಾಗಿ ಜೂನ್ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸುಮಾರು ಎರಡೂಕಾಲು! ಆ ಹೊತ್ತಿಗೆ ಊಟಕ್ಕೆ ಕೂರುವವನು ಸೂರ್ಯನ ಲೆಕ್ಕದಲ್ಲಿ ಸರಿಯಾಗಿ ನಡುಮಧ್ಯಾಹ್ನವೇ ಉಣ್ಣುತ್ತಿದ್ದಾನೆ, ನಮ್ಮ ಹೊಲದಲ್ಲಿ ಬುತ್ತಿ ಬಿಚ್ಚುವವರ ಹಾಗೆ. ವಾಯವ್ಯ ಮೂಲೆಯ ಗಲೀಸಿಯಾದಲ್ಲಂತೂ ಜೂನ್‌ನಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕು. ಹೊರಗೆ ಬಿಸಿಲಿರುವಾಗ ಯಾರಿಗೆ ರಾತ್ರಿ ಊಟ ಸೇರುತ್ತದೆ ಹೇಳಿ?

ಅದಕ್ಕೇ ಇಲ್ಲಿ ಮಧ್ಯಾಹ್ನ ಶುರುವಾಗುವುದು ಊಟದಿಂದ. ಊಟ ಆಗುವವರೆಗೂ ಬೆಳಿಗ್ಗೆಯೇ. ಒಂದೂವರೆಗೆ ತರಕಾರಿ ಅಂಗಡಿಗೆ ಹೋದರೂ ‘ಬುವೆನೊಸ್ ದಿಯಾಸ್’ ಅನ್ನುತ್ತಾರೆ, ಅಂದರೆ ಶುಭೋದಯ. ಬಂದ ಹೊಸತರಲ್ಲಿ ನಾನು ಹನ್ನೆರಡೂವರೆಗೆ ‘ಬುವೆನಾಸ್ ತಾರ್ದೆಸ್’, ಅಂದರೆ ಶುಭ ಮಧ್ಯಾಹ್ನ, ಅಂದಾಗ ಅಂಗಡಿಯ ಅಜ್ಜಿ ಕೇಳಿದ್ದು ಒಂದೇ ಮಾತು, ‘ಆಗಲೇ ಊಟ ಆಯ್ತಾ ಮಗಾ?’

ಇನ್ನು ಆ ನಿದ್ದೆ. ಸಿಯೆಸ್ತಾ ಅನ್ನುವ ಪದ ಲ್ಯಾಟಿನ್‌ನ ‘ಆರನೆಯ ಗಂಟೆ’ಯಿಂದ ಬಂದದ್ದು. ಸೂರ್ಯ ಹುಟ್ಟಿದ ಮೇಲಿನ ಆರನೆಯ ಗಂಟೆ, ಅಂದರೆ ಮಟಮಟ ಮಧ್ಯಾಹ್ನ. ನನ್ನ ಆಫೀಸಿನಲ್ಲಿ ಮಲಗುವವರು ಒಬ್ಬರೂ ಇಲ್ಲ. ವಾರದ ದಿನ ಮಲಗಲು ಮನೆಗೆ ಹೋಗಿ ಬರುವಷ್ಟು ಪುರುಸೊತ್ತು ನಗರದಲ್ಲಿ ಯಾರಿಗೂ ಇಲ್ಲ. ಸಣ್ಣ ಊರುಗಳಲ್ಲಿ, ಆಗಸ್ಟ್ ಬಿಸಿಲಿನಲ್ಲಿ, ಭಾನುವಾರ, ರಜೆಯಲ್ಲಿ ಒಂದು ಗಳಿಗೆ ಅಡ್ಡಾಗುತ್ತಾರೆ. ಅದು ನಮ್ಮಲ್ಲೂ ಇದೆ ಅಲ್ವಾ? ಅಂಗಡಿಗಳು ಎರಡರಿಂದ ಐದರವರೆಗೆ ಮುಚ್ಚುವುದು ನಿಜ. ಆದರೆ ಅದೇ ಅಂಗಡಿಯವರು ರಾತ್ರಿ ಎಂಟೂವರೆವರೆಗೂ ನಿಂತಿರುತ್ತಾರೆ. ಮುಚ್ಚಿದ್ದನ್ನು ನೋಡಿದ ಪ್ರವಾಸಿ ರಾತ್ರಿ ತೆರೆದಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಮ್ಮ ಅನುಭವ ಬರೆಯಿರಿ.

ಗಿರ್ಮಿಟ್‌ಪ್ರಿಯ ಬರೆದರು:

ನಾವು ಅಪ್ಪ ಅಮ್ಮನನ್ನು ಕರೆದುಕೊಂಡು ಮ್ಯಾಡ್ರಿಡ್‌ಗೆ ಹೋಗಿದ್ದೆವು. ಅಪ್ಪನಿಗೆ ಏಳೂವರೆಗೆ ಊಟ ಆಗಲೇಬೇಕು. ಮೂರು ಹೋಟೆಲಿಗೆ ಹೋದೆವು, ಮೂರರಲ್ಲೂ ಬಾಗಿಲು ತೆರೆದಿದೆ, ಜನ ಕುಡಿಯುತ್ತಾ ಮಾತಾಡುತ್ತಾ ಇದ್ದಾರೆ, ಅಡುಗೆಮನೆ ಮಾತ್ರ ಮುಚ್ಚಿದೆ. ಎಂಟೂವರೆಗೆ ಬನ್ನಿ ಅಂದರು. ಎಂಟೂವರೆಗೆ ಹೋದರೆ ಇಡೀ ಹೋಟೆಲಿನಲ್ಲಿ ನಾವು ನಾಲ್ಕೇ ಜನ, ಜೊತೆಗೆ ಒಂದು ಜರ್ಮನ್ ಕುಟುಂಬ. ನಾವು ಎದ್ದು ಹೊರಡುವಾಗ ಹತ್ತೂಕಾಲು. ಆಗ ಬಾಗಿಲಲ್ಲಿ ಒಂದು ದೊಡ್ಡ ಸಂಸಾರ ಒಳಗೆ ಬಂತು, ಅಜ್ಜಿ, ಮೊಮ್ಮಕ್ಕಳು, ತಳ್ಳುಗಾಡಿಯಲ್ಲಿ ಕೂಸು. ಅಮ್ಮ ಆ ಕೂಸನ್ನು ನೋಡಿ ‘ಇದಕ್ಕೆ ನಿದ್ದೆ ಬರಲ್ವಾ’ ಅಂತ ಕೇಳಿದ್ದು ಇನ್ನೂ ನೆನಪಿದೆ. ಏಳಕ್ಕೆ ಹಸಿಯುವವರು ಏನು ಮಾಡಬೇಕು, ಯಾರಾದರೂ ಹೇಳಿ.

ತುರಿಯಾದಂಡೆ ಬರೆದರು:

@ಗಿರ್ಮಿಟ್‌ಪ್ರಿಯ, ಅವರೂ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಇರುವುದಿಲ್ಲ. ಆರರ ಸುಮಾರಿಗೆ ಮೆರಿಯೆಂದಾ ಅಂತ ಸಂಜೆ ತಿಂಡಿ ಆಗಿರುತ್ತದೆ. ಇಲ್ಲಿ ವಲೆನ್ಸಿಯಾದಲ್ಲಿ ಬೇಸಿಗೆಯಾದರೆ ಓರ್ಚಾತಾ, ಒಂದು ಥರದ ಗೆಡ್ಡೆ ರುಬ್ಬಿ ಹಿಂಡಿದ ತಣ್ಣನೆಯ ಹಾಲು, ಅದರಲ್ಲಿ ಅದ್ದಿಕೊಳ್ಳಲು ಫಾರ್ತೋನ್ ಅಂತ ಉದ್ದನೆಯ ಸಿಹಿ ಬನ್. ಪಕ್ಕದ ಅಲ್ಬೊರಾಯಾ ಊರು ಇದಕ್ಕೇ ಹೆಸರುವಾಸಿ. ಬೆಳಿಗ್ಗೆ ಹತ್ತೂವರೆಗೆ ಇನ್ನೊಂದು ತಿಂಡಿ, ಅದನ್ನು ಇಲ್ಲಿಯವರು ಪ್ರೀತಿಯಿಂದ ಎಸ್ಮೊರ್ಸರೆತ್ ಅನ್ನುತ್ತಾರೆ. ಮೊಣಕೈ ಉದ್ದದ ಬ್ರೆಡ್ಡಿಗೆ ಏನೇನೋ ತುಂಬಿ, ಪಕ್ಕದಲ್ಲಿ ಆಲಿವ್, ಕಡಲೆಕಾಯಿ. ಪೇಂಟ್ ಕೆಲಸದವನು, ವಕೀಲ, ಸೈಕಲ್ ಸವಾರ ಎಲ್ಲ ಒಂದೇ ಬಾರಿನಲ್ಲಿ ಒಂದೇ ಮೇಜಿನ ಸುತ್ತ. ಹೀಗಾಗಿ ದಿನಕ್ಕೆ ಐದು ಸಲ ತಿನ್ನುತ್ತಾರೆ, ನಾವು ಲೆಕ್ಕ ಹಿಡಿಯುವುದು ಕೊನೆಯದನ್ನು ಮಾತ್ರ. ಅಪ್ಪನಿಗೆ ಮುಂದಿನ ಸಲ ಏಳಕ್ಕೆ ಎರಡು ತಾಪಾ, ಅಂದರೆ ಬಾರಿನ ಸಣ್ಣ ತಿಂಡಿ, ಕೊಡಿಸಿ, ತೋರ್ತಿಯಾ ಅನ್ನುವ ಆಲೂಗಡ್ಡೆ ಆಮ್ಲೆಟ್‌ನ ಒಂದು ತುಂಡು ಕೊಡಿಸಿ, ಸಾಕು.

ಬಾರ್ಸಾಕನ್ನಡತಿ ಬರೆದರು:

ಒಳ್ಳೆಯ ಚರ್ಚೆ, ಆದರೆ ‘ಸ್ಪೇನಿನವರು ಹೀಗೆ’ ಅಂತ ಹೇಳುವ ಮುಂಚೆ ಒಂದು ಮಾತು. ಇಲ್ಲಿ 17 ಸ್ವಾಯತ್ತ ಪ್ರಾಂತಗಳಿವೆ. ಕ್ಯಾಸ್ಟಿಲಿಯನ್ (ನಾವು ಸ್ಪ್ಯಾನಿಷ್ ಅನ್ನುವುದು) ಜೊತೆಗೆ ಕ್ಯಾಟಲಾನ್, ಗಲೀಸಿಯನ್, ಬಾಸ್ಕ್ ಭಾಷೆಗಳಿಗೆ ಅವುಗಳ ನಾಡಿನಲ್ಲಿ ಅಧಿಕೃತ ಸ್ಥಾನ ಇದೆ. ಬಾಸ್ಕ್ ಅಂತೂ ಯುರೋಪಿನ ಅಕ್ಕಪಕ್ಕದ ಯಾವ ಭಾಷೆಗೂ ನೆಂಟನಲ್ಲ. ನನ್ನ ಪಕ್ಕದ ಮನೆಯ ಕ್ಯಾಟಲಾನ್ ಅಜ್ಜನಿಗೆ ಫ್ಲಮೆಂಕೊ ಹಾಡು ಕುಣಿತದ ಬಗ್ಗೆ ಕೇಳಿದರೆ, ಅದು ಆಂದಲೂಸಿಯಾದವರದ್ದು, ನಮ್ಮದು ಸರ್ದಾನಾ ಅಂತ ಕೈ ಕೈ ಹಿಡಿದು ಕುಣಿದು ತೋರಿಸುತ್ತಾರೆ. ಗಲೀಸಿಯಾಗೆ ಹೋದರೆ ಬ್ಯಾಗ್‌ಪೈಪ್ ಊದುತ್ತಾರೆ. ಕರ್ನಾಟಕದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ, ಬೀದರ್‌ಗೂ ಮಡಿಕೇರಿಗೂ ಎಷ್ಟು ದೂರ ಅಂತ ನಮಗೆ ಗೊತ್ತು.

ಇನ್ನೂ ಒಂದು. ಈ ದೇಶದ ರಾಷ್ಟ್ರಗೀತೆಗೆ ಅಧಿಕೃತವಾದ ಸಾಹಿತ್ಯವೇ ಇಲ್ಲ! ಬರೀ ಸಂಗೀತ. 2008ರಲ್ಲಿ ಪದ ಬರೆಸುವ ಪ್ರಯತ್ನ ಆಯಿತು, ಜನಕ್ಕೆ ಒಪ್ಪಿಗೆ ಆಗಲಿಲ್ಲ, ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಫುಟ್‌ಬಾಲ್ ಮೈದಾನದಲ್ಲಿ ಆಟಗಾರರು ತುಟಿ ಮುಚ್ಚಿ ನಿಂತಿರುತ್ತಾರೆ, ಪ್ರೇಕ್ಷಕರು ‘ಲೋ ಲೋ ಲೋ’ ಅಂತ ರಾಗಕ್ಕೆ ದನಿಗೂಡಿಸುತ್ತಾರೆ.

ಒಬ್ಬರ ಮೇಲೊಬ್ಬರು ಹೇಳುವ ಮಾತುಗಳೂ ಚೆನ್ನಾಗಿವೆ. ಕ್ಯಾಟಲಾನರು ಕೈಬಿಗಿ, ಆಂದಲೂಸಿಯಾದವರು ಒಂದಕ್ಕೆ ಹತ್ತು ಸೇರಿಸುತ್ತಾರೆ, ಅರಗೋನ್‌ನವರು ಹಠಮಾರಿಗಳು. ಗಲೀಸಿಯಾದವನನ್ನು ಮೆಟ್ಟಿಲ ಮೇಲೆ ಕಂಡರೆ ಅವನು ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ ತಿಳಿಯುವುದಿಲ್ಲವಂತೆ, ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ವಾಪಸ್ ಕೊಡುತ್ತಾನಂತೆ. ನನಗೆ ಗೊತ್ತಿರುವ ಕ್ಯಾಟಲಾನರು ಮಾತ್ರ ಕೈ ಎತ್ತಿ ಕೊಡುವವರೇ.

ಬಿಲ್ಬಾವೊದ‌ಮಳೆ ಬರೆದರು:

@ಬಾರ್ಸಾಕನ್ನಡತಿ, ನಮ್ಮ ಬಿಲ್ಬಾವೊದವರ ಮಾತನ್ನು ಬಿಟ್ಟಿರಲ್ಲ! ‘ಬಿಲ್ಬಾವೊದವರು ತಮಗೆ ಬೇಕಾದಲ್ಲಿ ಹುಟ್ಟುತ್ತಾರೆ’ ಅಂತ ಇವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಲ್ಲಿನ ಫುಟ್‌ಬಾಲ್ ತಂಡ ಅಥ್ಲೆಟಿಕ್ ಕ್ಲಬ್ ಇವತ್ತಿಗೂ ಬಾಸ್ಕ್ ನಾಡಿನಲ್ಲಿ ಹುಟ್ಟಿದವರನ್ನು ಅಥವಾ ಇಲ್ಲೇ ಆಟ ಕಲಿತವರನ್ನು ಮಾತ್ರ ಆಡಿಸುತ್ತದೆ. ಆದರೂ ಒಂದೇ ಒಂದು ಸಲವೂ ಮೊದಲ ದರ್ಜೆಯಿಂದ ಕೆಳಗೆ ಬಿದ್ದಿಲ್ಲ.

ಇನ್ನು ಪಿಂಚೊ. ಬ್ರೆಡ್ ತುಂಡಿನ ಮೇಲೆ ಏನಾದರೂ ಇಟ್ಟು ಕಡ್ಡಿ ಚುಚ್ಚಿರುತ್ತಾರೆ. ನೀವೇ ಎತ್ತಿಕೊಂಡು ತಿನ್ನಿ, ಕೊನೆಗೆ ಎಷ್ಟು ತಿಂದಿರಿ ಅಂತ ನೀವೇ ಹೇಳಿ. ಕೆಲವು ಕಡೆ ಕಡ್ಡಿ ಎಣಿಸುತ್ತಾರೆ, ಹಲವು ಕಡೆ ನಿಮ್ಮ ಬಾಯಿಮಾತೇ ಸಾಕು. ಒಂದೇ ಬಾರಿನಲ್ಲಿ ಕೂತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಇಲ್ಲೊಂದು, ಅಲ್ಲೊಂದು ತಿನ್ನುತ್ತಾ ಗೆಳೆಯರ ಗುಂಪು ಬೀದಿ ಉದ್ದಕ್ಕೂ ನಡೆಯುತ್ತದೆ.

ಬರೀಸೊಪ್ಪು ಬರೆದರು:

ಸಸ್ಯಾಹಾರಿಗಳು ಬದುಕಬಹುದಾ? ದಯವಿಟ್ಟು ನಿಜ ಹೇಳಿ. ಅಲ್ಲಿ ‘ಸಾಂಡ್‌ವಿಚ್ ವೆಹೆತಾಲ್’ ಅಂತ ಬೋರ್ಡ್ ನೋಡಿ ಖುಷಿಯಿಂದ ತೆಗೆದುಕೊಂಡೆ. ತರಕಾರಿ ಸಾಂಡ್‌ವಿಚ್ ಅಂತಲೇ ಅರ್ಥ. ಒಳಗೆ ಟ್ಯೂನಾ ಮೀನು, ಮೊಟ್ಟೆ! ಕೇಳಿದರೆ ಆ ಹುಡುಗ ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟ, ‘ಲೆಟಿಸ್ ಇದೆಯಲ್ಲ’ ಅಂದ.

ಬಾರ್ಸಾಕನ್ನಡತಿ ಬರೆದರು:

@ಬರೀಸೊಪ್ಪು, ಖಂಡಿತ ಬದುಕಬಹುದು. ‘ಮಾಂಸ ಬೇಡ’ ಅಂದರೆ ಸಾಲದು, ‘ಹಾಮೋನ್ ಬೇಡ, ಮೀನು ಬೇಡ’ ಅಂತ ಬಿಡಿಸಿ ಹೇಳಿ, ಯಾಕೆಂದರೆ ಹಂದಿಯ ಹಾಮೋನ್ ಇಲ್ಲಿ ಹಲವರಿಗೆ ನಮ್ಮ ಒಗ್ಗರಣೆಯ ಹಾಗೆ, ಅದನ್ನು ಬೇರೆಯಾಗಿ ಎಣಿಸುವುದೇ ಇಲ್ಲ. ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಎಣ್ಣೆ ಬಿಟ್ಟ ಪಾಂ ಅಂಬ್ ತುಮಾಕೆತ್ ನಮ್ಮ ಕ್ಯಾಟಲೋನಿಯಾದ ಜೀವ. ಗಾಸ್ಪಾಚೊ ತಣ್ಣನೆಯ ಟೊಮೆಟೊ ಸಾರು. ಅದರದ್ದೇ ಗಟ್ಟಿ ರೂಪವಾದ ಸಾಲ್ಮೊರೆಹೊ ತೆಗೆದುಕೊಂಡರೆ ಮೇಲೆ ಹಾಮೋನ್ ಉದುರಿಸಬೇಡಿ ಅಂತ ಹೇಳಿ. ಸೆವಿಲ್ಲಾದಲ್ಲಿ ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯ ಸಿಗುತ್ತದೆ, ಅದರಲ್ಲಿ ಜೀರಿಗೆ ಕೂಡ ಇರುತ್ತದೆ, ಮನೆ ನೆನಪಾಗುತ್ತದೆ. ಗಲೀಸಿಯಾದ ಪಾದ್ರೋನ್ ಮೆಣಸಿನಕಾಯಿ ಹುರಿದು ಉಪ್ಪು ಹಾಕಿ ಕೊಡುತ್ತಾರೆ. ‘ಕೆಲವು ಖಾರ, ಕೆಲವು ಇಲ್ಲ’ ಅನ್ನುವುದೇ ಅದರ ಗಾದೆ. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆ ತೋರ್ತಿಯಾ ಎಲ್ಲ ಕಡೆ ಇದೆ. ಅದಕ್ಕೆ ಈರುಳ್ಳಿ ಹಾಕಬೇಕೋ ಬೇಡವೋ ಅಂತ ದೇಶವೇ ಎರಡು ಪಕ್ಷ. ನಾನು ಈರುಳ್ಳಿ ಪಕ್ಷ.

ತುರಿಯಾದಂಡೆ ಬರೆದರು:

ನಾನೂ ಈರುಳ್ಳಿ ಪಕ್ಷವೇ. ಆದರೆ ವಲೆನ್ಸಿಯಾದಲ್ಲಿ ಕೂತು ಪಾಯೆಯಾ ಬಗ್ಗೆ ಬರೆಯದಿದ್ದರೆ ನನ್ನ ಮನೆ ಓನರ್ ಕ್ಷಮಿಸುವುದಿಲ್ಲ.

ಪಾಯೆಯಾ ಅಂದರೆ ಮೂಲತಃ ಆ ಅಗಲ ಬಾಣಲೆಯ ಹೆಸರು. ಇಲ್ಲಿಯ ಅಸಲಿ ಪಾಯೆಯಾದಲ್ಲಿ ಕೋಳಿ, ಮೊಲ, ಹಸಿ ಬೀನ್ಸ್, ಗರ್ರೊಫೋ ಅನ್ನುವ ದಪ್ಪ ಅವರೆ ಥರದ ಕಾಳು, ಟೊಮೆಟೊ, ಕೇಸರಿ, ಅಕ್ಕಿ. ಇದಕ್ಕೆ ಬೇರೆ ಏನಾದರೂ ಹಾಕಿದರೆ ಅದು ‘ಅರ್ರೋಸ್ ಕೋನ್ ಕೋಸಾಸ್’, ಅಂದರೆ ಏನೇನೋ ಹಾಕಿದ ಅನ್ನ. 2016ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಅಡುಗೆಗಾರ ಜೇಮಿ ಆಲಿವರ್ ಚೊರೀಸೊ ಸಾಸೇಜ್ ಹಾಕಿದ ಪಾಯೆಯಾದ ಫೋಟೊ ಹಾಕಿದಾಗ ಇಡೀ ಸ್ಪೇನ್ ಒಂದಾಗಿ ಸಿಟ್ಟಾಯಿತು. ರಾಷ್ಟ್ರಗೀತೆಗೆ ಪದ ಸಿಗದ ದೇಶ ಅನ್ನದ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡಿತು. ಬಿಸಿಬೇಳೆ ಬಾತಿಗೆ ಯಾರಾದರೂ ಚೀಸ್ ಹಾಕಿ ಫೋಟೊ ಹಾಕಿದರೆ ನಮಗೂ ಹಾಗೇ ಆಗುತ್ತದೆ, ಅಲ್ವಾ?

ಪಾಯೆಯಾ ರಾತ್ರಿಯ ಊಟವಲ್ಲ, ಮಧ್ಯಾಹ್ನದ್ದು. ಭಾನುವಾರ ಮನೆಮಂದಿಯೆಲ್ಲ ಸೇರಿ, ಬಾಣಲೆಯನ್ನೇ ನಡುವೆ ಇಟ್ಟು, ಮರದ ಚಮಚದಲ್ಲಿ ತಮ್ಮ ತಮ್ಮ ಮುಂದಿನ ಭಾಗವನ್ನು ಮಾತ್ರ ತಿನ್ನುವುದು ಹಳೆಯ ರೂಢಿ. ತಳದಲ್ಲಿ ಅಂಟಿದ ಸೀಕಲಿಗೆ ಸೊಕರ್ರಾತ್ ಅಂತ ಹೆಸರು. ಮನೆಯವರೆಲ್ಲ ಅದಕ್ಕೇ ಕಾಯುತ್ತಿರುತ್ತಾರೆ. ಮೊದಲ ಸಲ ಓನರ್ ಮನೆಯಲ್ಲಿ ಸೊಕರ್ರಾತ್ ಕೆರೆದು ನನ್ನ ತಟ್ಟೆಗೆ ಹಾಕಿದಾಗ ನಮ್ಮಜ್ಜಿ ಅನ್ನದ ಪಾತ್ರೆ ಕೆರೆದು ಸೀಕಲಿಗೆ ಮಜ್ಜಿಗೆ ಹಾಕಿ ಕೊಡುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು.

ಊಟ ಮುಗಿದ ಮೇಲೆ ಯಾರೂ ಏಳುವುದಿಲ್ಲ. ಅದಕ್ಕೆ ಒಂದು ಪದವೇ ಇದೆ, ಸೊಬ್ರೆಮೇಸಾ. ತಟ್ಟೆ ಖಾಲಿಯಾದ ಮೇಲೂ ಮೇಜಿನ ಸುತ್ತ ಕೂತು ಮಾತಾಡುವ ಹೊತ್ತು. ಕಾಫಿ ಬರುತ್ತದೆ, ಹಣ್ಣು ಬರುತ್ತದೆ, ಹಳೆಯ ಜಗಳ ಬರುತ್ತದೆ, ನಗು ಬರುತ್ತದೆ. ಎರಡಕ್ಕೆ ಕೂತವರು ಆರಕ್ಕೆ ಎದ್ದದ್ದನ್ನು ನೋಡಿದ್ದೇನೆ. ಹೋಟೆಲಿನವರು ಕೂಡ ನೀವು ಕೇಳದೆ ಬಿಲ್ ತರುವುದಿಲ್ಲ. ತಂದರೆ ‘ಎದ್ದು ಹೋಗಿ’ ಅಂದ ಹಾಗೆ, ಅದು ಮರ್ಯಾದೆ ಅಲ್ಲ. ಸ್ಪೇನಿನವರ ಗುಣ ಏನು ಅಂತ ಕೇಳಿದರೆ ನಾನು ತೋರಿಸುವುದು ಈ ನಾಲ್ಕು ಗಂಟೆಯನ್ನು. ಕೆಲಸ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ, ಆದರೆ ಕೂತು ಮಾತಾಡುವ ಹೊತ್ತನ್ನು ಮಾತ್ರ ಯಾವ ಕೆಲಸಕ್ಕೂ ಬಿಟ್ಟುಕೊಡುವುದಿಲ್ಲ.

ಜಗಲಿಕಟ್ಟೆ ಬರೆದರು:

ಸೊಬ್ರೆಮೇಸಾ ಪದ ಇವತ್ತೇ ಕಲಿತೆ, ಧನ್ಯವಾದ. ನಾನು ಕಾದಿಸ್ ಕಡೆಯ ಹಳ್ಳಿಯಲ್ಲಿ ಒಂದು ಬೇಸಿಗೆ ಇದ್ದೆ. ರಾತ್ರಿ ಒಂಬತ್ತೂವರೆ ಆದರೆ ಸಾಕು, ಅಜ್ಜಿಯರು ಮನೆಯಿಂದ ಕುರ್ಚಿ ತಂದು ಬೀದಿಯಲ್ಲೇ ಸಾಲಾಗಿ ಕೂರುತ್ತಾರೆ. ತಂಪು ಗಾಳಿಗೆ ಕೂರುವುದು ಅಂತ ನೆಪ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮೊಣಕಾಲು ನೋವು ಎಲ್ಲ ಅಲ್ಲೇ. ಆ ಜಿಲ್ಲೆಯ ಅಲ್ಗಾರ್ ಅನ್ನುವ ಊರಿನ ಮೇಯರ್ 2021ರಲ್ಲಿ ಈ ಬೀದಿ ಹರಟೆಗೆ ಯುನೆಸ್ಕೊ ಮನ್ನಣೆ ಬೇಕು ಅಂತ ಕೇಳಿದರು. ನಮ್ಮ ಊರಿನ ಜಗಲಿಗಳ ಮೇಲೆ ಈಗ ಬೈಕ್ ನಿಂತಿವೆ, ಅದನ್ನು ನೆನೆದು ಬೇಸರವಾಯಿತು.

ಇನ್ನೊಂದು ನೋಡಿ. ಅಲ್ಲಿ ಮೀನಿನಂಗಡಿಯಲ್ಲಾಗಲಿ ಡಾಕ್ಟರ್ ಹತ್ತಿರವಾಗಲಿ ಸಾಲು ಕಾಣಿಸುವುದಿಲ್ಲ. ಎಲ್ಲರೂ ಅಲ್ಲಲ್ಲಿ ನಿಂತಿರುತ್ತಾರೆ. ಒಳಗೆ ಬಂದವರು ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಅಂತ ಕೇಳುತ್ತಾರೆ, ಕೊನೆಯವರು ಯಾರು ಅಂತ. ಒಬ್ಬರು ಕೈ ಎತ್ತುತ್ತಾರೆ. ಅಷ್ಟೇ, ಅವರ ನಂತರ ನೀವು. ಇನ್ನು ಎಲ್ಲಿ ಬೇಕಾದರೂ ನಿಲ್ಲಿ, ಕೂರಿ, ಹರಟಿ. ಸಾಲು ಜನರ ನೆನಪಿನಲ್ಲಿ ಇರುತ್ತದೆ. ಯಾರೂ ನಡುವೆ ನುಗ್ಗಿದ್ದು ನೋಡಲಿಲ್ಲ.

ವಿದಾಯ ಹೇಳುವುದೂ ನಮ್ಮ ಹಾಗೇ. ಮತ್ತೆಂದೂ ನೋಡದವರಿಗೂ ಲಿಫ್ಟಿನಲ್ಲಿ ‘ಆಸ್ತಾ ಲುವೆಗೊ’ ಅನ್ನುತ್ತಾರೆ, ಆಮೇಲೆ ಸಿಗೋಣ ಅಂತ. ನಾವು ‘ಹೋಗಿ ಬರ್ತೀನಿ’ ಅನ್ನುವುದಿಲ್ಲವೇ, ಅದೇ.

ಪಾವಗಡದಬಿಸಿಲು ಬರೆದರು:

ನಾನು ಸ್ಪೇನ್ ನೋಡಿಲ್ಲ, ಆದರೆ ಸ್ಪೇನಿನವರನ್ನು ನೋಡಿದ್ದೇನೆ. ಪಾವಗಡದಿಂದ ಗಡಿ ದಾಟಿದರೆ ಅನಂತಪುರ ಜಿಲ್ಲೆ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರೆರ್ 1969ರಲ್ಲಿ ಅಲ್ಲಿಗೆ ಬಂದು, 2009ರಲ್ಲಿ ತೀರಿಕೊಳ್ಳುವವರೆಗೂ ಆ ಬರದ ಸೀಮೆಯಲ್ಲೇ ಬದುಕಿದರು. ಬಾವಿ, ಮನೆ, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ. ಸ್ಪೇನಿನ ಸಾವಿರಾರು ಸಾಮಾನ್ಯ ಮನೆಗಳು ತಿಂಗಳಿಗಿಷ್ಟು ಅಂತ ಕಳಿಸಿ ಅಲ್ಲಿನ ಮಕ್ಕಳನ್ನು ಓದಿಸುತ್ತಾ ಬಂದಿವೆ. ತಾವು ಓದಿಸಿದ ಮಗುವನ್ನು ನೋಡಲು ಅವರು ಬೆಂಗಳೂರಿಗೆ ವಿಮಾನದಲ್ಲಿ ಬಂದು, ಬಸ್ಸು ಕಾರು ಹಿಡಿದು ಹಳ್ಳಿಗೆ ಹೋಗುತ್ತಾರೆ. ಅವರು ಹಾಗೆ ಬಂದಾಗ ಹಳ್ಳಿಯ ಅಂಥ ಒಂದು ಮನೆಯಲ್ಲಿ ನಾನಿದ್ದೆ. ಬಂದಿದ್ದ ಗಂಡ ಹೆಂಡತಿ ಇಬ್ಬರೂ ಸ್ಪೇನಿನಲ್ಲಿ ಬಸ್ ಚಾಲಕರಂತೆ. ಭಾಷೆ ಬರುವುದಿಲ್ಲ, ಆದರೂ ಊಟ ಆದ ಮೇಲೆ ಎರಡು ಗಂಟೆ ಚಾಪೆ ಬಿಟ್ಟು ಏಳಲಿಲ್ಲ, ಕೈಸನ್ನೆಯಲ್ಲೇ ಮಾತು. ಮೇಲೆ ಬರೆದದ್ದು ಓದಿದಾಗ ಈಗ ಗೊತ್ತಾಯಿತು, ಅದು ಸೊಬ್ರೆಮೇಸಾ.

ತುರಿಯಾದಂಡೆ ಬರೆದರು:

@ಪಾವಗಡದಬಿಸಿಲು, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಇದಕ್ಕೆ ಸೇರಿಸಬೇಕಾದ ಒಂದು ವಿಷಯ ಇದೆ. ಅಂಗಾಂಗ ದಾನದಲ್ಲಿ ಸ್ಪೇನ್ 1992ರಿಂದ ಜಗತ್ತಿನಲ್ಲೇ ಮುಂದಿದೆ. ಕಾನೂನು 1979ರದ್ದು, ಬೇಡ ಅನ್ನದವರೆಲ್ಲ ಒಪ್ಪಿದ ಹಾಗೆ ಅಂತ ಅದರ ಲೆಕ್ಕ. ಆದರೆ ವೈದ್ಯರು ಕಾನೂನು ತೋರಿಸಿ ತೆಗೆದುಕೊಳ್ಳುವುದಿಲ್ಲ, ಮನೆಯವರನ್ನು ಕೇಳಿಯೇ ಕೇಳುತ್ತಾರೆ. 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಶುರುವಾದ ಮೇಲೆ ಆಸ್ಪತ್ರೆಗಳಲ್ಲಿ ಇದಕ್ಕೇ ಅಂತ ಒಬ್ಬ ವೈದ್ಯರನ್ನು ನೇಮಿಸಿದರು. ಐಸಿಯು ಹೊರಗೆ ಅಳುತ್ತಿರುವವರ ಪಕ್ಕದಲ್ಲಿ ಕೂತು, ಅವಸರ ಮಾಡದೆ ಮಾತಾಡುವುದಕ್ಕೆ ಇವರಿಗೆ ತರಬೇತಿ ಕೊಡುತ್ತಾರೆ. ಕೇಳಿದವರಲ್ಲಿ ಬಹಳಷ್ಟು ಜನ ಒಪ್ಪುತ್ತಾರೆ.

ಮಂಗಳವಾರಬೇಡ ಬರೆದರು:

ಮೂಢನಂಬಿಕೆ ಬಗ್ಗೆ ಯಾರೂ ಹೇಳಲೇ ಇಲ್ಲ. ಅಲ್ಲಿ ಶುಕ್ರವಾರ 13 ಅಲ್ಲ, ಮಂಗಳವಾರ 13 ಕೆಟ್ಟದ್ದು. ‘ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ’ ಅಂತ ಗಾದೆ. ನಮ್ಮಮ್ಮ ಇದನ್ನು ಕೇಳಿ ಸ್ಪೇನಿನವರ ಮೇಲೆ ಗೌರವ ಜಾಸ್ತಿ ಮಾಡಿಕೊಂಡರು. ಬೆಕ್ಕಿಗೆ ಇಂಗ್ಲಿಷರು ಒಂಬತ್ತು ಜೀವ ಅಂದರೆ ಇವರು ಏಳೇ ಅನ್ನುತ್ತಾರೆ. ಮಕ್ಕಳ ಹಾಲುಹಲ್ಲು ಬಿದ್ದರೆ ದಿಂಬಿನ ಕೆಳಗೆ ಇಡಬೇಕು, ಪೆರೆಸ್ ಅನ್ನುವ ಇಲಿ ರಾತ್ರಿ ಬಂದು ಒಯ್ದು ಉಡುಗೊರೆ ಇಡುತ್ತದೆ. ನಾವು ಸೆಗಣಿ ಉಂಡೆ ಮಾಡಿ ಸೂರಿನ ಮೇಲೆ ಎಸೆದದ್ದಕ್ಕೆ ಏನೂ ಸಿಗಲಿಲ್ಲ.

ಡಿಸೆಂಬರ್ 31ರ ರಾತ್ರಿ ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಹನ್ನೆರಡು ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ನುಂಗಬೇಕು. ಬೀಜ ಇದ್ದರೆ ಕಷ್ಟ. ಅದಕ್ಕೇ ಸಿಪ್ಪೆ ಸುಲಿದು, ಬೀಜ ತೆಗೆದು, ಸರಿಯಾಗಿ ಹನ್ನೆರಡನ್ನು ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ!

ತುರಿಯಾದಂಡೆ ಬರೆದರು:

ದ್ರಾಕ್ಷಿಗಿಂತ ನನಗೆ ಡಿಸೆಂಬರ್ 22ರ ಲಾಟರಿ ಇಷ್ಟ. 1812ರಲ್ಲಿ ಕಾದಿಸ್‌ನಲ್ಲಿ ಶುರುವಾದದ್ದು. ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ಗೋಲಿಯ ಮೇಲಿನ ಅಂಕಿಗಳನ್ನು ರಾಗವಾಗಿ ಹಾಡುತ್ತಾರೆ, ಗಂಟೆಗಟ್ಟಲೆ. ಆ ರಾಗ ಬಾರ್, ಟ್ಯಾಕ್ಸಿ, ಆಸ್ಪತ್ರೆ ಎಲ್ಲ ಕಡೆ ಕೇಳುತ್ತಿರುತ್ತದೆ. ಒಂದು ಚೀಟಿಗೆ 20 ಯೂರೊ, ದೊಡ್ಡ ಬಹುಮಾನ ಬಂದರೆ ತೆರಿಗೆಗೆ ಮುಂಚೆ 4 ಲಕ್ಷ. ವಿಶೇಷ ಏನೆಂದರೆ ಒಂದೇ ನಂಬರನ್ನು ಆಫೀಸಿನವರೆಲ್ಲ, ಒಂದು ಬಾರಿನ ಗಿರಾಕಿಗಳೆಲ್ಲ, ಕೆಲವೊಮ್ಮೆ ಊರಿನವರೆಲ್ಲ ಹಂಚಿಕೊಂಡು ಕೊಳ್ಳುತ್ತಾರೆ. ನನ್ನ ಸಹೋದ್ಯೋಗಿಗೆ ಲಾಟರಿಯಲ್ಲಿ ನಂಬಿಕೆಯೇ ಇಲ್ಲ. ಆದರೂ ಪ್ರತಿ ವರ್ಷ ಕೊಳ್ಳುತ್ತಾಳೆ. ಯಾಕೆ ಅಂದರೆ, ‘ಎಲ್ಲರಿಗೂ ಬಂದು ನನಗೊಬ್ಬಳಿಗೇ ಬರದಿದ್ದರೆ?’ ಅನ್ನುತ್ತಾಳೆ. ಕ್ಯಾಟಲೋನಿಯಾದ ಬೆಟ್ಟದಲ್ಲಿ ಸೋರ್ತ್ ಅನ್ನುವ ಪುಟ್ಟ ಊರಿದೆ. ಕ್ಯಾಟಲಾನ್‌ನಲ್ಲಿ ಆ ಹೆಸರಿಗೆ ಅದೃಷ್ಟ ಅಂತ ಅರ್ಥ. ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಂದಲೇ ಚೀಟಿ ತರಿಸುತ್ತಾರೆ.

ಮೌನಪ್ರಿಯ ಬರೆದರು:

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಮೂರು ವರ್ಷ ಇದ್ದು ಬಂದೆ, ಎರಡು ಕಷ್ಟ ಹೇಳುತ್ತೇನೆ. ಒಂದು, ಗದ್ದಲ. ನಾಲ್ಕು ಜನ ಇದ್ದರೆ ನಾಲ್ವರೂ ಒಟ್ಟಿಗೇ ಮಾತಾಡುತ್ತಾರೆ. ನಮ್ಮ ಮನೆ ಕೆಳಗೆ ಬಾರ್ ಇತ್ತು, ಗುರುವಾರದಿಂದ ಭಾನುವಾರ ರಾತ್ರಿ ಒಂದರವರೆಗೆ ನಿದ್ದೆ ಇಲ್ಲ. ಎರಡು, ಹೆಸರಿನ ಗೋಳು. ನಮ್ಮ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ, ಅಪ್ಪನ ಹೆಸರು ಇನಿಷಿಯಲ್ ಅಷ್ಟೇ. ಅಲ್ಲಿ ಎಲ್ಲ ಅರ್ಜಿಯಲ್ಲೂ ಎರಡು ಅಡ್ಡಹೆಸರು ಕೇಳುತ್ತಾರೆ. ಒಂದು ಕಚೇರಿಯಲ್ಲಿ ನನ್ನ ಒಂದೇ ಹೆಸರನ್ನು ಎರಡು ತುಂಡು ಮಾಡಿ ಕಾರ್ಡ್ ಕೊಟ್ಟರು. ಸರಿಮಾಡಿಸಲು ಆರು ತಿಂಗಳು, ಪ್ರತಿ ಸಲ ಆನ್‌ಲೈನ್‌ನಲ್ಲಿ ಮುಂಗಡ ಸಮಯ ಸಿಗಬೇಕು, ಸಿಗುವುದೇ ಇಲ್ಲ.

ತುರಿಯಾದಂಡೆ ಬರೆದರು:

@ಮೌನಪ್ರಿಯ, ಎರಡೂ ನಿಜ. ಮುಂಗಡ ಸಮಯದ ಒದ್ದಾಟ ನಾನೂ ಪಟ್ಟಿದ್ದೇನೆ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಆ ಎರಡು ಅಡ್ಡಹೆಸರಿನ ಹಿಂದೆ ಒಳ್ಳೆಯ ಪದ್ಧತಿ ಇದೆ. ಒಂದು ಅಪ್ಪನದು, ಒಂದು ಅಮ್ಮನದು. ಮದುವೆಯಾದ ಹೆಣ್ಣು ಹೆಸರು ಬದಲಾಯಿಸುವುದಿಲ್ಲ. 2017ರಿಂದ ಯಾರದು ಮೊದಲು ಬರಬೇಕು ಅಂತ ಅಪ್ಪ ಅಮ್ಮನೇ ಮಾತಾಡಿ ತೀರ್ಮಾನಿಸುತ್ತಾರೆ. ಪಿಕಾಸೊ ಅಂತ ನಾವು ಕರೆಯುವುದು ಆ ಚಿತ್ರಕಾರನ ತಾಯಿಯ ಅಡ್ಡಹೆಸರು, ಅಪ್ಪನ ಕಡೆಯದು ರುಯಿಸ್.

ಗದ್ದಲಕ್ಕೆ ಮದ್ದಿಲ್ಲ. ವಲೆನ್ಸಿಯಾದಲ್ಲಿ ಮಾರ್ಚ್ 1ರಿಂದ 19ರವರೆಗೆ ಪ್ರತಿ ಮಧ್ಯಾಹ್ನ ಎರಡಕ್ಕೆ ನಗರಸಭೆ ಎದುರು ಮಸ್ಕ್ಲೆತಾ ಹೊಡೆಯುತ್ತಾರೆ. ಹಗಲು ಬೆಳಕಲ್ಲಿ ಪಟಾಕಿ, ಬಣ್ಣಕ್ಕಲ್ಲ, ಶಬ್ದಕ್ಕೇ. ಜನ ಕಣ್ಣು ಮುಚ್ಚಿ ಲಯ ಕೇಳುತ್ತಾರೆ, ಮುಗಿದ ಮೇಲೆ ಇವತ್ತಿನದು ನಿನ್ನೆಗಿಂತ ಚೆನ್ನಾಗಿತ್ತು ಅಂತ ಚರ್ಚೆ. ನನಗೆ ಅದು ಚೆಂಡೆ ಕೇಳಿದ ಹಾಗೆ ಎದೆಯಲ್ಲಿ ಗುಡುಗುತ್ತದೆ.

ಅದೇ ಊರಲ್ಲಿ ಶಾಂತವಾದದ್ದೂ ಒಂದಿದೆ. ಪ್ರತಿ ಗುರುವಾರ ಹನ್ನೆರಡಕ್ಕೆ ಕೆಥೆಡ್ರಲ್ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಕೂರುತ್ತದೆ. ತುರಿಯಾ ನದಿಯ ಎಂಟು ಕಾಲುವೆಗಳ ರೈತರೇ ಆರಿಸಿದ ಎಂಟು ಜನ, ಕಪ್ಪು ನಿಲುವಂಗಿ. ಯಾರು ಯಾರ ನೀರು ತಿರುಗಿಸಿಕೊಂಡರು ಅನ್ನುವ ದೂರನ್ನು ಅಲ್ಲೇ ಬಾಯಿಮಾತಲ್ಲೇ ಕೇಳಿ ಅಲ್ಲೇ ತೀರ್ಪು. ವಕೀಲರಿಲ್ಲ, ವಲೆನ್ಸಿಯನ್ ಭಾಷೆಯಲ್ಲಿ ಮಾತು, ಮೇಲ್ಮನವಿ ಇಲ್ಲ. ಹೆಚ್ಚಿನ ಗುರುವಾರ ದೂರೇ ಇರುವುದಿಲ್ಲ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಕಾವೇರಿ ಸೀಮೆಯಿಂದ ಬಂದವನು ನಾನು. ಮೊದಲ ಸಲ ಅದನ್ನು ನೋಡಿ ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಬಾರ್ಸಾಕನ್ನಡತಿ ಬರೆದರು:

ಗೂಳಿ ಬಗ್ಗೆ ಯಾರೂ ಬರೆಯಲಿಲ್ಲ, ಎರಡೇ ಸಾಲು. ಇಲ್ಲಿ ಗೂಳಿಕಾಳಗವನ್ನು ವಿರೋಧಿಸುವವರು ತುಂಬಾ ಜನ. ಕ್ಯಾನರಿ ದ್ವೀಪಗಳ 1991ರ ಕಾನೂನಿನಲ್ಲಿ ಗೂಳಿಕಾಳಗಕ್ಕೆ ಜಾಗ ಇಲ್ಲ. ಕ್ಯಾಟಲೋನಿಯಾ 2010ರಲ್ಲಿ ನಿಷೇಧಿಸಿತು, 2016ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು, ಆದರೂ ಬಾರ್ಸಿಲೋನಾದಲ್ಲಿ ಮತ್ತೆ ಶುರುವಾಗಿಲ್ಲ. ನನ್ನ ಗೆಳತಿಯರು ಯಾರೂ ಒಂದು ಸಲವೂ ನೋಡಿಲ್ಲ.

ಹೊಸಬ್ಯಾಗು ಬರೆದರು:

ಎಲ್ಲ ಓದಿದೆ. ಕೆಲಸದ ಮೇಲೆ ಸರಗೋಸಾಕ್ಕೆ ಬರುತ್ತಿದ್ದೇನೆ, ಆಗಸ್ಟ್ ಮೊದಲ ವಾರ. ಮನೆ ಹುಡುಕಬೇಕು, ಕಾಗದಪತ್ರ ಆಗಬೇಕು. ಏನು ಸಲಹೆ? ಅಕ್ಕಿ ತರಬೇಕಾ?

ತುರಿಯಾದಂಡೆ ಬರೆದರು:

@ಹೊಸಬ್ಯಾಗು, ಆಗುವುದಾದರೆ ಸೆಪ್ಟೆಂಬರ್‌ಗೆ ಮುಂದೂಡಿ. ಆಗಸ್ಟ್‌ನಲ್ಲಿ ಒಳನಾಡಿನ ಊರುಗಳು ಖಾಲಿ. ಮನೆ ತೋರಿಸುವವರು, ಬೀಗ ರಿಪೇರಿಯವರು, ಸಹಿ ಹಾಕುವವರು ಎಲ್ಲ ಸಮುದ್ರದ ದಡದಲ್ಲಿ ಇರುತ್ತಾರೆ. ಬಾಗಿಲ ಮೇಲೆ ರಜೆಗೆ ಮುಚ್ಚಿದೆ ಅಂತ ಚೀಟಿ. ಬಂದೇ ಬಿಟ್ಟರೆ ಮಧ್ಯಾಹ್ನ ಮೂರರಿಂದ ಆರರವರೆಗೆ ಹೊರಗೆ ಹೋಗಬೇಡಿ, ಕಿಟಕಿಯ ಪರ್ಸಿಯಾನಾ, ಅಂದರೆ ಹೊರಗಿನ ಶಟರ್, ಪೂರ್ತಿ ಇಳಿಸಿ. ಚಳಿಗಾಲಕ್ಕೆ ಒಳ್ಳೆಯ ಜಾಕೆಟ್ ಇರಲಿ, ಅಲ್ಲಿ ಸಿಯೆರ್ಸೊ ಅನ್ನುವ ಗಾಳಿ ಬೀಸಿದರೆ ಕೊಡೆ ನಿಲ್ಲುವುದಿಲ್ಲ. ಅಕ್ಟೋಬರ್ 12ರ ಪಿಲಾರ್ ಹಬ್ಬಕ್ಕೆ, ಅಂದರೆ ಅಲ್ಲಿಯ ಮೇರಿಮಾತೆಯ ಹಬ್ಬಕ್ಕೆ, ನೀವು ಅಲ್ಲಿರುತ್ತೀರಿ, ಹೂವಿನ ಅರ್ಪಣೆ ತಪ್ಪದೆ ನೋಡಿ.

ಅಕ್ಕಿ ತರಬೇಡಿ, ತೂಕ ವೇಸ್ಟ್. ಹುಳಿಪುಡಿ, ಇಂಗು, ಬೇಳೆಗೆ ಜಾಗ ಇಡಿ. ಬಾಂಬಾ ಅಂತ ದುಂಡಗಿನ ಅಕ್ಕಿ ಸಿಗುತ್ತದೆ, ಪಾಯೆಯಾಗೆ ಬಳಸುವುದು. ಚಿತ್ರಾನ್ನಕ್ಕೆ ಆಗುವುದಿಲ್ಲ, ಬಿಸಿಬೇಳೆ ಬಾತಿಗೆ ಚೆನ್ನಾಗಿ ಬರುತ್ತದೆ, ರಸ ಎಲ್ಲ ಹೀರಿಕೊಳ್ಳುತ್ತದೆ. ನಾನು ಓನರ್ ಮನೆಗೆ ಮಾಡಿ ಕೊಟ್ಟಿದ್ದೆ. ಅವರು ತಿಂದು, ‘ಇದು ಪಾಯೆಯಾ ಅಲ್ಲ, ಆದರೆ ಇನ್ನೂ ಸ್ವಲ್ಪ ಹಾಕು’ ಅಂದರು.